ಬೆಕ್ಕಿನ ಆಹಾರದ ಡಬ್ಬಿ ಮತ್ತು ನಮ್ಮ ಅಢಾವೆ ಪತ್ರಿಕೆ

2023ನೆಯ ಇಸವಿಯಲ್ಲಿ ಅಮೆರಿಕದ ಜೆ. ಎಂ. ಸ್ಮಕರ್ ಕಂಪನಿಯು ಸಾಕುಪ್ರಾಣಿಗಳ ಆಹಾರದ ಹಲವು ಬ್ರಾಂಡ್‌ಗಳನ್ನು ಪೋಸ್ಟ್ ಹೋಲ್ಡಿಂಗ್ಸ್ ಎಂಬ ಮತ್ತೊಂದು ಕಂಪನಿಗೆ ಸುಮಾರು 120 ಕೋಟಿ ಡಾಲರ್‌ಗಳಿಗೆ ಮಾರಿತು. ಅದರಲ್ಲಿ 70 ಕೋಟಿ ಡಾಲರ್ ನಗದಾಗಿಯೂ ಉಳಿದದ್ದು ಕೊಳ್ಳುವ ಕಂಪನಿಯ ಷೇರುಗಳ ರೂಪದಲ್ಲಿಯೂ ಸಂದಾಯವಾಯಿತು. ಕಾರ್ಖಾನೆಗಳು, ಕಾರ್ಮಿಕರು, ದಾಸ್ತಾನು ಎಲ್ಲವೂ ಆ ವ್ಯವಹಾರದಲ್ಲಿ ಸೇರಿದ್ದವು. ಆದರೆ ಕೊಳ್ಳುವವರು ಮುಖ್ಯವಾಗಿ ಬಯಸಿದ್ದು ಕೆಲವು ಹೆಸರುಗಳನ್ನು. ಆ ಹೆಸರುಗಳಲ್ಲಿ ಒಂದು ‘ನೈನ್ ಲೈವ್ಸ್’. ಇದು 1959ರಿಂದ ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗುತ್ತಿರುವ ಬೆಕ್ಕಿನ ಆಹಾರ. ಬೆಕ್ಕಿಗೆ ಒಂಬತ್ತು ಜೀವಗಳುಂಟು ಎಂಬ ಆಂಗ್ಲರ ನಂಬಿಕೆಯಿಂದ ಈ ಹೆಸರು ಬಂದಿದೆ.

ಅಡಿಕೆ, ಹತ್ತಿ, ಯಂತ್ರದ ಬಿಡಿಭಾಗ, ಮಸಾಲೆ ಪುಡಿ ಮುಂತಾದವುಗಳ ವ್ಯಾಪಾರ ಮಾಡುವ ನಮ್ಮ ಸದಸ್ಯರಿಗೂ ಸಾಗರದಾಚೆಯ ಬೆಕ್ಕಿನ ಆಹಾರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದೇ. ಮೂರು ದಶಕಗಳಿಂದ ಸಣ್ಣ ಉದ್ಯಮಗಳ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತ ಬಂದಿರುವ ನನಗೆ ಈ ಡಬ್ಬಿಯ ಚರಿತ್ರೆಯಲ್ಲಿ ನಮ್ಮವರಿಗೆ ಬೇಕಾದ ಒಂದು ಪಾಠ ಕಾಣುತ್ತದೆ. ಅಢಾವೆ ಪತ್ರಿಕೆಯಲ್ಲಿ ಇಲ್ಲದ ಆಸ್ತಿ ಲೋಕದಲ್ಲಿಯೂ ಇಲ್ಲ ಎಂದು ಭಾವಿಸುವುದು ನಮ್ಮ ವ್ಯಾಪಾರಿಗಳ ದೊಡ್ಡ ತಪ್ಪು ಎಂಬುದೇ ಆ ಪಾಠ.

ಕಸದಿಂದ ರಸ

ಈ ಬ್ರಾಂಡ್ ಹುಟ್ಟಿದ್ದು ಟ್ಯೂನಾ ಮೀನನ್ನು ಡಬ್ಬಿಗೆ ತುಂಬಿ ಮಾರುವ ಸ್ಟಾರ್‌ಕಿಸ್ಟ್ ಕಂಪನಿಯಲ್ಲಿ. ಈ ಕಂಪನಿಯ ಮೂಲ 1917ರಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಆರಂಭವಾದ ಒಂದು ಮೀನಿನ ಕಾರ್ಖಾನೆ. ಟ್ಯೂನಾ ಮೀನನ್ನು ಬೇಯಿಸಿ ಶುಚಿಗೊಳಿಸುವಾಗ ತಿಳಿಬಣ್ಣದ ಮಾಂಸ ಮನುಷ್ಯರ ಡಬ್ಬಿಗೆ ಹೋಗುತ್ತದೆ. ಕಡುಗೆಂಪು ಬಣ್ಣದ, ತೀಕ್ಷ್ಣ ವಾಸನೆಯ ಭಾಗವನ್ನು ಬೇರ್ಪಡಿಸಲಾಗುತ್ತದೆ. ಮನುಷ್ಯರಿಗೆ ಒಗ್ಗದ ಆ ವಾಸನೆಯೇ ಬೆಕ್ಕಿಗೆ ಪ್ರಿಯ. ಆದ್ದರಿಂದ ಟ್ಯೂನಾ ಉದ್ಯಮಕ್ಕೂ ಬೆಕ್ಕಿನ ಆಹಾರದ ಉದ್ಯಮಕ್ಕೂ ಮೊದಲಿನಿಂದಲೂ ನಂಟು.

ಉಪ ಉತ್ಪನ್ನದ ಲೆಕ್ಕ ನಮ್ಮ ಉದ್ಯಮಿಗಳಿಗೆ ಹೊಸತೇನಲ್ಲ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳ ಸಿಪ್ಪೆಯಿಂದ ಎಣ್ಣೆ ಬರುತ್ತದೆ, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರ ಬರುತ್ತದೆ, ಎಣ್ಣೆ ಗಾಣದಿಂದ ಹಿಂಡಿ ಬರುತ್ತದೆ. ಅಲ್ಪ ಬೆಲೆಯ ಉಪ ಉತ್ಪನ್ನವನ್ನು ಮಾರಿದರೆ ಕೈಗೆ ಬರಬಹುದಾದ ನಿವ್ವಳ ಮೊತ್ತವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಬೇಕೆಂಬುದು ದಾಸ್ತಾನಿನ ಲೆಕ್ಕಪತ್ರ ಮಾನದಂಡದ ನಿಯಮ. ಅಲ್ಲಿಗೆ ಲೆಕ್ಕಿಗನ ಕೆಲಸ ಮುಗಿಯುತ್ತದೆ. ವ್ಯಾಪಾರಿಯ ಕೆಲಸ ಅಲ್ಲಿಂದ ಪ್ರಾರಂಭವಾಗಬೇಕು. ಕೆಂಪು ಮಾಂಸವನ್ನು ಟನ್ನಿನ ಲೆಕ್ಕದಲ್ಲಿ ಗುತ್ತಿಗೆದಾರನಿಗೆ ಕೊಟ್ಟಿದ್ದರೆ ಅದು ಕಸವಾಗಿಯೇ ಉಳಿಯುತ್ತಿತ್ತು. ಡಬ್ಬಿಗೆ ತುಂಬಿ, ಗುಣಮಟ್ಟವನ್ನು ಒಂದೇ ಹದದಲ್ಲಿ ಕಾಪಾಡಿ, ಮೇಲೊಂದು ಹೆಸರು ಅಂಟಿಸಿದಾಗ ಅದೇ ಒಂದು ಪ್ರತ್ಯೇಕ ಉದ್ಯಮವಾಯಿತು. 1963ರಲ್ಲಿ ಹೈಂಜ್ ಕಂಪನಿಯು ಸ್ಟಾರ್‌ಕಿಸ್ಟನ್ನು ಕೊಂಡಾಗ ಮೀನಿನ ಜೊತೆಗೆ ಈ ಹೆಸರೂ ಹೊಸ ಮಾಲೀಕರ ಮನೆ ಸೇರಿತು.

ಮಾತನಾಡದ ಗ್ರಾಹಕ

ಬೆಕ್ಕಿನ ಆಹಾರದ ವ್ಯಾಪಾರದಲ್ಲಿ ಒಂದು ವಿಚಿತ್ರ ತೊಡಕಿದೆ. ಹಣ ಕೊಡುವವರು ಒಬ್ಬರು, ತಿನ್ನುವವರು ಇನ್ನೊಬ್ಬರು. ತಿನ್ನುವ ಪ್ರಾಣಿ ರುಚಿಯನ್ನು ಹೇಳಲಾರದು. ಬೇಡವಾದರೆ ಮುಖ ತಿರುಗಿಸಿ ಹೋಗುತ್ತದೆ. ಹಣ ಕೊಡುವವರು ರುಚಿ ನೋಡಲಾರರು. ಪಶು ಆಹಾರ, ಕೋಳಿ ಆಹಾರ ತಯಾರಿಸುವ ನಮ್ಮ ಸದಸ್ಯರಿಗೆ ಈ ತೊಡಕು ಚೆನ್ನಾಗಿ ತಿಳಿದಿದೆ. ಇಂತಹ ಕಡೆ ಕೊಳ್ಳುವವನಿಗೆ ನಂಬಿಕೆಯೇ ಆಧಾರ. ಆ ನಂಬಿಕೆಯನ್ನು ಹೊರುವ ಪಾತ್ರೆಯೇ ಹೆಸರು.

ಲಿಯೋ ಬರ್ನೆಟ್ ಎಂಬ ಜಾಹೀರಾತು ಸಂಸ್ಥೆ ಈ ತೊಡಕಿಗೆ ಕಂಡುಕೊಂಡ ಉಪಾಯ ಬಹಳ ಸರಳವಾಗಿತ್ತು. ಬೆಕ್ಕಿನ ಬಾಯಲ್ಲಿಯೇ ಮಾತನಾಡಿಸಿದರು. 1968ರಲ್ಲಿ ಬಾಬ್ ಮಾರ್ಟ್‌ವಿಕ್ ಎಂಬ ಪ್ರಾಣಿ ತರಬೇತುದಾರರು ಷಿಕಾಗೋ ಸಮೀಪದ ಹಿನ್ಸ್‌ಡೇಲ್ ಊರಿನ ಪ್ರಾಣಿ ಆಶ್ರಯಧಾಮದಿಂದ ಕೇಸರಿ ಬಣ್ಣದ ಗಂಡುಬೆಕ್ಕೊಂದನ್ನು ತಂದರು. ಯಾರಿಗೂ ಬೇಡವಾಗಿದ್ದ ಆ ಬೆಕ್ಕು ‘ಮಾರಿಸ್’ ಎಂಬ ಹೆಸರಿನಲ್ಲಿ ದೂರದರ್ಶನದ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು. ಊಟದ ವಿಷಯದಲ್ಲಿ ಬಲು ನಖರಾ ಮಾಡುವ, ಬೇರೆ ಯಾವ ಆಹಾರವನ್ನೂ ಮೂಸಿಯೂ ನೋಡದ ಬೆಕ್ಕೆಂದು ಅದನ್ನು ಚಿತ್ರಿಸಲಾಯಿತು. ಅಂತಹ ಹಟಮಾರಿಯೇ ಒಪ್ಪಿ ತಿನ್ನುವ ಆಹಾರವೆಂದ ಮೇಲೆ ಮನೆಯೊಡತಿಗೆ ಬೇರೆ ಸಾಕ್ಷಿ ಏಕೆ? ಮಾರಿಸ್ ಎಷ್ಟು ಜನಪ್ರಿಯವಾಯಿತೆಂದರೆ 1988ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸಂದರ್ಭದಲ್ಲಿ ಅದನ್ನು ವಿನೋದಕ್ಕಾಗಿ ಅಭ್ಯರ್ಥಿಯೆಂದು ಘೋಷಿಸಲಾಯಿತು.

ಮೊದಲ ಮಾರಿಸ್ 1978ರಲ್ಲಿ ತೀರಿಕೊಂಡಿತು. ಅದೇ ಬಣ್ಣದ ಮತ್ತೊಂದು ಬೆಕ್ಕು ಅದರ ಸ್ಥಾನಕ್ಕೆ ಬಂದಿತು, ಅದರ ನಂತರ ಇನ್ನೊಂದು. 1988ರಲ್ಲಿ ಅಭ್ಯರ್ಥಿಯಾಗಿದ್ದುದು ಮೊದಲ ಬೆಕ್ಕಲ್ಲ ಎಂಬುದನ್ನು ಬಹುಶಃ ಎಷ್ಟೋ ಜನ ಗಮನಿಸಲೇ ಇಲ್ಲ. ಒಬ್ಬ ವ್ಯಕ್ತಿಯ ಮುಖವನ್ನೇ ನೆಚ್ಚಿಕೊಂಡಿರುವ ನಮ್ಮ ಅನೇಕ ಅಂಗಡಿಗಳು ಆ ವ್ಯಕ್ತಿಯೊಡನೆಯೇ ಮುಗಿದುಹೋಗುತ್ತವೆ. ಇಲ್ಲಿ ಬೆಕ್ಕು ಸತ್ತಿತು, ಮಾರಿಸ್ ಉಳಿಯಿತು. ಏಕೆಂದರೆ ಆ ಹೆಸರನ್ನು ಬೆಕ್ಕಿಗೆ ಸೇರಿದ್ದೆಂದು ಬಗೆಯದೆ ಸಂಸ್ಥೆಗೆ ಸೇರಿದ್ದೆಂದು ಮೊದಲೇ ಬಗೆಯಲಾಗಿತ್ತು.

ಆರು ದಶಕ, ಹಲವು ಒಡೆಯರು

ಹೈಂಜ್ ಕಂಪನಿಯು 2002ರಲ್ಲಿ ಸಾಕುಪ್ರಾಣಿ ಆಹಾರ ಮತ್ತು ಟ್ಯೂನಾ ವಿಭಾಗಗಳನ್ನು ಬೇರ್ಪಡಿಸಿ ಡೆಲ್ ಮಾಂಟೆ ಫುಡ್ಸ್ ಕಂಪನಿಯೊಂದಿಗೆ ವಿಲೀನಗೊಳಿಸಿತು. 2008ರಲ್ಲಿ ಡೆಲ್ ಮಾಂಟೆಯು ಸ್ಟಾರ್‌ಕಿಸ್ಟನ್ನು ಕೊರಿಯಾದ ಡಾಂಗ್‌ವಾನ್ ಸಮೂಹಕ್ಕೆ ಮಾರಿತು. ನೈನ್ ಲೈವ್ಸನ್ನು ಮಾತ್ರ ತನ್ನಲ್ಲಿಯೇ ಉಳಿಸಿಕೊಂಡಿತು. ಅಂದರೆ ಹೆಸರು ತನ್ನನ್ನು ಹೆತ್ತ ಮೀನಿನ ಕಾರ್ಖಾನೆಯಿಂದಲೇ ಬೇರೆಯಾಯಿತು. 2011ರಲ್ಲಿ ಹೂಡಿಕೆದಾರರ ಒಂದು ಕೂಟ ಸಾಲವೂ ಸೇರಿದಂತೆ ಸುಮಾರು 530 ಕೋಟಿ ಡಾಲರ್ ಬೆಲೆಗೆ ಡೆಲ್ ಮಾಂಟೆಯನ್ನೇ ಕೊಂಡಿತು. 2014ರಲ್ಲಿ ಮನುಷ್ಯರ ಆಹಾರದ ವಿಭಾಗವನ್ನು ಮಾರಿ, ಉಳಿದ ಕಂಪನಿಗೆ ‘ಬಿಗ್ ಹಾರ್ಟ್ ಪೆಟ್ ಬ್ರಾಂಡ್ಸ್’ ಎಂದು ಹೆಸರಿಡಲಾಯಿತು. 2015ರಲ್ಲಿ ಸ್ಮಕರ್ ಕಂಪನಿಯು ಅದನ್ನು ಸಾಲವೂ ಸೇರಿ ಸುಮಾರು 580 ಕೋಟಿ ಡಾಲರ್‌ಗಳಿಗೆ ಕೊಂಡಿತು. 2023ರಲ್ಲಿ ನಡೆದುದನ್ನು ಮೇಲೆ ಹೇಳಿದ್ದೇನೆ.

ಈ ಅವಧಿಯಲ್ಲಿ ಒಡೆಯರು ಬದಲಾದರು, ಕಾರ್ಖಾನೆಗಳು ಬದಲಾದವು, ಡಬ್ಬಿಯ ಒಳಗಿನ ಪಾಕವೂ ಬದಲಾಯಿತು. ಉದಾಹರಣೆಗೆ, ಟಾರಿನ್ ಎಂಬ ಪೋಷಕಾಂಶದ ಕೊರತೆಯಿಂದ ಬೆಕ್ಕುಗಳಿಗೆ ಹೃದ್ರೋಗ ಬರುತ್ತದೆಂದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಮೇಲೆ ಅಲ್ಲಿಯ ಬೆಕ್ಕಿನ ಆಹಾರದ ಉದ್ಯಮವೇ ಆ ಅಂಶದ ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ಬದಲಾಗದೆ ಉಳಿದುದು ಹೆಸರು ಮತ್ತು ಅದರ ಮೇಲಿನ ಕೇಸರಿ ಬೆಕ್ಕು.

ಏರುವ ಬೆಲೆ, ಇಳಿಯುವ ಬೆಲೆ

ಹಾಗೆಂದು ಹೆಸರೆಂಬುದು ಎಂದಿಗೂ ಬತ್ತದ ಬಾವಿ ಎಂದು ತಿಳಿಯಬಾರದು. 2018ರ ಡಿಸೆಂಬರ್‌ನಲ್ಲಿ ಈ ಬ್ರಾಂಡಿನ ‘ಪ್ರೋಟೀನ್ ಪ್ಲಸ್’ ಡಬ್ಬಿಗಳ ಕೆಲವು ತಂಡಗಳಲ್ಲಿ ಥಯಾಮಿನ್ (ಬಿ1 ಜೀವಸತ್ವ) ಕಡಿಮೆಯಿರಬಹುದೆಂದು ಕಂಪನಿಯು ಅವುಗಳನ್ನು ತಾನಾಗಿಯೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಹಿಂದಕ್ಕೆ ಪಡೆಯುವ ವೆಚ್ಚ ಆ ವರ್ಷದ ಲಾಭ-ನಷ್ಟದ ಖಾತೆಗೆ ಬೀಳುತ್ತದೆ. ಪಡೆಯದಿದ್ದರೆ ಆಗುವ ವೆಚ್ಚ ಮುಂದಿನ ಹತ್ತು ವರ್ಷಗಳ ಮೇಲೆ ಬೀಳುತ್ತದೆ. ದೋಷಯುಕ್ತ ಸರಕನ್ನು ಹೇಗಾದರೂ ದಾಟಿಸಿಬಿಡೋಣ ಎನ್ನುವ ವ್ಯಾಪಾರಿ ಈ ಎರಡನೆಯ ವೆಚ್ಚವನ್ನು ಲೆಕ್ಕ ಹಾಕುವುದೇ ಇಲ್ಲ.

ಕೊಂಡ ಬೆಲೆಯೂ ಶಾಶ್ವತವಲ್ಲ. 2023ರಲ್ಲಿ ಪೋಸ್ಟ್ ಕಂಪನಿಗೆ ಮಾರಿದ ಬ್ರಾಂಡ್‌ಗಳ ಗುಂಪಿನ ಮೇಲೆ ಸ್ಮಕರ್ ಕಂಪನಿಯು ತನ್ನ ಪುಸ್ತಕಗಳಲ್ಲಿ ತೆರಿಗೆಗೆ ಮುನ್ನ ಸುಮಾರು 100 ಕೋಟಿ ಡಾಲರ್‌ಗಳ ನಷ್ಟವನ್ನು ತೋರಿಸಬೇಕಾಯಿತು. ಈ ನಷ್ಟ ಇಡೀ ಗುಂಪಿನದು, ನೈನ್ ಲೈವ್ಸ್ ಒಂದರದೇ ಅಲ್ಲ. ಹಣ ಕೊಟ್ಟು ಕೊಂಡ ಹೆಸರು ಅಢಾವೆ ಪತ್ರಿಕೆಯಲ್ಲಿ ದೊಡ್ಡ ಮೊತ್ತವಾಗಿ ಕುಳಿತಿರುತ್ತದೆ. ಮಾರುಕಟ್ಟೆ ಅದನ್ನು ಒಪ್ಪದಿದ್ದಾಗ ಆ ಮೊತ್ತ ಒಂದೇ ದಿನದಲ್ಲಿ ಕರಗುತ್ತದೆ. ಕೊಂಡವನ ಲೆಕ್ಕದಲ್ಲಿ ಹೆಸರಿಗೆ ಅತಿಯಾದ ಬೆಲೆ ಇರಬಹುದು, ಕಟ್ಟಿದವನ ಲೆಕ್ಕದಲ್ಲಿ ಬೆಲೆಯೇ ಇಲ್ಲದಿರಬಹುದು. ಎರಡೂ ಸತ್ಯವಲ್ಲ. ನಮ್ಮ ಸದಸ್ಯರ ಸಮಸ್ಯೆ ಇವುಗಳಲ್ಲಿ ಎರಡನೆಯದು.

ನಮ್ಮ ಲೆಕ್ಕಪತ್ರಗಳ ಮೌನ

ನಮ್ಮ ದೇಶದ ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸ್ವಂತವಾಗಿ ಬೆಳೆಸಿದ ಬ್ರಾಂಡನ್ನಾಗಲಿ ಗುಡ್‌ವಿಲ್ ಅಥವಾ ಕೀರ್ತಿಮೌಲ್ಯವನ್ನಾಗಲಿ ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಅದರ ವೆಚ್ಚವನ್ನು ಇಡೀ ವ್ಯಾಪಾರದ ವೆಚ್ಚದಿಂದ ಬೇರ್ಪಡಿಸಿ ನಂಬಲರ್ಹವಾಗಿ ಅಳೆಯಲು ಸಾಧ್ಯವಿಲ್ಲವೆಂಬುದು ಅದಕ್ಕೆ ಕಾರಣ. ಈ ನಿಯಮ ಸರಿಯಾದುದೆಂದೇ ನನ್ನ ಅಭಿಪ್ರಾಯ. ಪ್ರತಿಯೊಬ್ಬನೂ ತನ್ನ ಹೆಸರಿಗೆ ತಾನೇ ಬೆಲೆ ಕಟ್ಟಿ ಆಸ್ತಿಯ ಕಡೆಗೆ ಬರೆದುಕೊಂಡರೆ ಬ್ಯಾಂಕಿನವರು ಯಾವ ಪತ್ರಿಕೆಯನ್ನು ನಂಬಬೇಕು? ಆದರೆ ಲೆಕ್ಕದ ಶಿಸ್ತಿಗಾಗಿ ಬಿಟ್ಟದ್ದನ್ನು ಬದುಕಿನಲ್ಲಿಯೂ ಬಿಡಬೇಕೆಂದು ಯಾವ ಮಾನದಂಡವೂ ಹೇಳಿಲ್ಲ.

ಕಾನೂನಂತೂ ಈ ಆಸ್ತಿಯನ್ನು ಬಹಳ ಹಿಂದೆಯೇ ಗುರುತಿಸಿದೆ. 1932ರ ಪಾಲುದಾರಿಕೆ ಕಾಯಿದೆಯು ಗುಡ್‌ವಿಲ್ ಸಂಸ್ಥೆಯ ಸ್ವತ್ತೆಂದೂ, ವಿಸರ್ಜನೆಯ ಕಾಲದಲ್ಲಿ ಅದನ್ನು ಪ್ರತ್ಯೇಕವಾಗಿಯೂ ಮಾರಬಹುದೆಂದೂ ಹೇಳುತ್ತದೆ. ಇಡೀ ಭಾರತದ ತೆರಿಗೆ ತಜ್ಞರು ಉದಾಹರಿಸುವ ಪ್ರಕರಣವೊಂದು ನಮ್ಮ ಬೆಂಗಳೂರಿನದೇ. ಊದುಬತ್ತಿ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದು 1965ರ ಕೊನೆಯಲ್ಲಿ ವಿಸರ್ಜನೆಯಾದಾಗ ಅದರ ಗುಡ್‌ವಿಲ್‌ಗೆ 1,50,000 ರೂಪಾಯಿ ಬೆಲೆ ಕಟ್ಟಲಾಯಿತು; ಅದೇ ಹೆಸರಿನ ಹೊಸ ಸಂಸ್ಥೆ ಅದನ್ನು ವಹಿಸಿಕೊಂಡಿತು. ಈ ಮೊತ್ತದ ಮೇಲೆ ಬಂಡವಾಳ ಲಾಭದ ತೆರಿಗೆ ಬೀಳುವುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸ್ವಂತ ಶ್ರಮದಿಂದ ಬೆಳೆದ ಗುಡ್‌ವಿಲ್‌ಗೆ ಕೊಂಡ ಬೆಲೆಯೆಂಬುದೇ ಇಲ್ಲ, ಆದ್ದರಿಂದ ಲಾಭವನ್ನು ಲೆಕ್ಕ ಹಾಕುವ ಕ್ರಮ ಅದಕ್ಕೆ ಅನ್ವಯಿಸಲಾರದು ಎಂದು 1981ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಇದೇ ಪ್ರಸಿದ್ಧವಾದ ಶ್ರೀನಿವಾಸ ಶೆಟ್ಟಿ ಪ್ರಕರಣ. ಸರ್ಕಾರ ಸುಮ್ಮನಿರಲಿಲ್ಲ. 1987ರ ಹಣಕಾಸು ಕಾಯಿದೆಯ ಮೂಲಕ ಅಂತಹ ಗುಡ್‌ವಿಲ್‌ನ ಕೊಂಡ ಬೆಲೆ ಶೂನ್ಯವೆಂದು ನಿಗದಿಪಡಿಸಿ ಅದನ್ನು ತೆರಿಗೆಯ ವ್ಯಾಪ್ತಿಗೆ ತಂದಿತು. 2001ರಲ್ಲಿ ವ್ಯಾಪಾರ ಚಿಹ್ನೆ ಮತ್ತು ಬ್ರಾಂಡ್ ಹೆಸರುಗಳಿಗೂ ಅದೇ ನಿಯಮವನ್ನು ವಿಸ್ತರಿಸಿತು.

ತೆರಿಗೆ ಇಲಾಖೆಗೆ ಕಾಣುವ ಆಸ್ತಿ ಅದರ ಮಾಲೀಕನಿಗೆ ಮಾತ್ರ ಕಾಣದಿರುವುದು ವಿಷಾದದ ಸಂಗತಿ.

ಒಂದು ಸ್ವಂತ ತಪ್ಪು

ನನ್ನ ವೃತ್ತಿಯ ಆರಂಭದ ದಿನಗಳ ಒಂದು ಘಟನೆಯನ್ನು ಇಲ್ಲಿ ಹೇಳಬೇಕಾಗಿದೆ. ಅಣ್ಣತಮ್ಮಂದಿರಿಬ್ಬರು ಸೇರಿ ಮಸಾಲೆ ಪುಡಿಯ ಉದ್ಯಮ ಆರಂಭಿಸಿದರು. ಪಾಲುದಾರಿಕೆ ಪತ್ರದ ಕರಡನ್ನು ನಾನೇ ಬರೆದುಕೊಟ್ಟೆ. ಬಂಡವಾಳ, ಬಡ್ಡಿ, ಲಾಭದ ಪ್ರಮಾಣ, ಬ್ಯಾಂಕಿನ ಸಹಿ ಎಲ್ಲವೂ ಅದರಲ್ಲಿತ್ತು. ಹೆಸರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಂದು ಆ ಹೆಸರಿಗೆ ಬೆಲೆ ಏನಿತ್ತು? ತಾಯಿಯ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದರು, ಅಷ್ಟೆ.

ಇಪ್ಪತ್ತು ವರ್ಷಗಳ ನಂತರ ಬೇರೆಯಾಗುವ ಸಮಯ ಬಂದಿತು. ಗಿರಣಿ, ಪುಡಿ ಮಾಡುವ ಯಂತ್ರ, ವಾಹನ, ಗೋದಾಮು, ಬರಬೇಕಾದ ಬಾಕಿ ಎಲ್ಲವನ್ನೂ ಪೈಸೆಯವರೆಗೆ ಹಂಚಿದೆವು. ಅಷ್ಟರಲ್ಲಿ ಆ ಹೆಸರು ನಾಲ್ಕು ಜಿಲ್ಲೆಗಳ ಅಂಗಡಿಗಳಲ್ಲಿ ಮಾತಾಗಿತ್ತು. ಹೆಸರು ಯಾರಿಗೆ ಎಂಬ ಪ್ರಶ್ನೆ ಕೋಣೆಯಲ್ಲಿದ್ದ ಎಲ್ಲರ ಮನಸ್ಸಿನಲ್ಲೂ ಇತ್ತು. ತಾಯಿ ಅಲ್ಲಿಯೇ ಕುಳಿತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರಾರು? ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇಬ್ಬರೂ ಅದೇ ಹೆಸರಿನಲ್ಲಿ, ಹೆಚ್ಚುಕಡಿಮೆ ಅದೇ ಪೊಟ್ಟಣದಲ್ಲಿ ಮಾರಲಾರಂಭಿಸಿದರು. ಒಬ್ಬರು ಮೆಣಸಿನಕಾಯಿಯ ದರ ಏರಿದ ವರ್ಷ ಬೆಲೆ ಏರಿಸಿದರು, ಇನ್ನೊಬ್ಬರು ಗುಣಮಟ್ಟ ಇಳಿಸಿದರು. ಅಂಗಡಿಯವರಿಗೆ ಗೊಂದಲ, ಗ್ರಾಹಕರಿಗೆ ಬೇಸರ. ಐದಾರು ವರ್ಷಗಳಲ್ಲಿ ಇಬ್ಬರ ಸರಕಿಗೂ ಬೇಡಿಕೆ ಕುಸಿಯಿತು. ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಆಯಿತು. ಅಂದು ನಾನು ಬರೆಯದೆ ಬಿಟ್ಟ ಒಂದು ಷರತ್ತಿನ ಬೆಲೆಯನ್ನು ಆ ಎರಡು ಕುಟುಂಬಗಳು ತೆತ್ತವು. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಮಾಡಬೇಕಾದುದೇನು?

ಮೊದಲನೆಯದಾಗಿ, ನಿಮ್ಮ ಪಾಲುದಾರಿಕೆ ಪತ್ರವನ್ನು ಇಂದೇ ತೆಗೆದು ಓದಿ. ಹೆಸರು ಮತ್ತು ಗುಡ್‌ವಿಲ್ ಯಾರಿಗೆ ಸೇರಿದ್ದು, ಒಬ್ಬ ಪಾಲುದಾರ ನಿವೃತ್ತನಾದರೆ ಅಥವಾ ತೀರಿಕೊಂಡರೆ ಅದಕ್ಕೆ ಹೇಗೆ ಬೆಲೆ ಕಟ್ಟಬೇಕು, ಹೊರಹೋದವನು ಅದನ್ನು ಬಳಸಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲದಿದ್ದರೆ ತಿದ್ದುಪಡಿ ಪತ್ರ ಮಾಡಿಸಿ. ಮನಸ್ತಾಪ ಹುಟ್ಟುವ ಮುನ್ನ ಇದು ಅರ್ಧ ಗಂಟೆಯ ಕೆಲಸ.

ಎರಡನೆಯದಾಗಿ, ಹೆಸರನ್ನು ನೋಂದಾಯಿಸಿ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯು 2003ರಿಂದ ಜಾರಿಯಲ್ಲಿದೆ. ಒಮ್ಮೆ ನೋಂದಾಯಿಸಿದರೆ ಹತ್ತು ವರ್ಷಗಳ ರಕ್ಷಣೆ, ನಂತರ ಹತ್ತು ಹತ್ತು ವರ್ಷಗಳಿಗೆ ನವೀಕರಣ. ಕರ್ನಾಟಕದ ಅರ್ಜಿಗಳು ಚೆನ್ನೈನಲ್ಲಿರುವ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಕಂಪ್ಯೂಟರ್ ಮೂಲಕವೇ ಸಲ್ಲಿಸಬಹುದು. 2017ರ ನಿಯಮಗಳಲ್ಲಿ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಹೀಗೆ ಸಲ್ಲಿಸುವ ಅರ್ಜಿಗೆ ಪ್ರತಿ ವರ್ಗಕ್ಕೆ 4,500 ರೂಪಾಯಿ ಶುಲ್ಕ ಗೊತ್ತುಮಾಡಲಾಗಿದೆ. ಅಂಗಡಿಯ ನಾಮಫಲಕಕ್ಕೆ ಇದಕ್ಕಿಂತ ಹೆಚ್ಚು ಖರ್ಚು ಮಾಡುವವರು ನಾವು. ಅರ್ಜಿಯನ್ನು ಯಾರ ಹೆಸರಿನಲ್ಲಿ ಹಾಕುತ್ತೀರಿ ಎಂಬುದನ್ನು ಮಾತ್ರ ಯೋಚಿಸಿ ಹಾಕಿ. ಸಂಸ್ಥೆಯ ಚಿಹ್ನೆಯನ್ನು ಒಬ್ಬ ಪಾಲುದಾರನ ಸ್ವಂತ ಹೆಸರಿನಲ್ಲಿ ನೋಂದಾಯಿಸಿ ನಂತರ ಪರಿತಪಿಸಿದವರಿದ್ದಾರೆ. ನೋಂದಾಯಿಸಿ ಪೆಟ್ಟಿಗೆಯಲ್ಲಿಟ್ಟರೂ ಸಾಲದು. ಐದು ವರ್ಷಗಳಿಗೂ ಮೀರಿ ಬಳಸದ ಚಿಹ್ನೆಯನ್ನು ಬೇರೆಯವರು ಅರ್ಜಿ ಹಾಕಿ ತೆಗೆಸಲು ಕಾನೂನಿನಲ್ಲಿ ಅವಕಾಶವಿದೆ.

ಮೂರನೆಯದಾಗಿ, ಹೆಸರಿನ ಪೋಷಣೆಗೆ ಮಾಡಿದ ಖರ್ಚಿನ ಲೆಕ್ಕವನ್ನು ಪ್ರತ್ಯೇಕವಾಗಿಡಿ. ಜಾಹೀರಾತು, ಪೊಟ್ಟಣದ ವಿನ್ಯಾಸ, ಗುಣಮಟ್ಟದ ಪರೀಕ್ಷೆ, ಹಿಂದಕ್ಕೆ ಪಡೆದ ಸರಕು, ಇವೆಲ್ಲವೂ ‘ಇತರೆ ವೆಚ್ಚ’ ಎಂಬ ತಲೆಬರಹದಡಿ ಮುಳುಗಿಹೋಗುವುದು ಬೇಡ. ನಾಳೆ ಒಬ್ಬ ಕೊಳ್ಳುವವನೋ ಹೊಸ ಪಾಲುದಾರನೋ ಬಂದಾಗ ನಿಮ್ಮ ಮಾತಿಗೆ ಆಧಾರವಾಗುವುದು ಆ ಲೆಕ್ಕವೇ. ಮಾರುವ ಸಂದರ್ಭ ಬಂದರೆ ಕರಾರಿಗೆ ಸಹಿ ಹಾಕುವ ಮುನ್ನವೇ ತೆರಿಗೆಯ ಲೆಕ್ಕ ಮಾಡಿಸಿ. ಕೊಂಡ ಬೆಲೆ ಶೂನ್ಯವಾದಾಗ ಬಂದ ಹಣವೆಲ್ಲವೂ ಲಾಭವೇ ಆಗುತ್ತದೆ ಎಂಬುದನ್ನು ಮರೆಯಬಾರದು.

ಸಣ್ಣ ವ್ಯಾಪಾರಿಗೆ ಇಷ್ಟೆಲ್ಲ ಏಕೆ ಎಂಬ ಆಕ್ಷೇಪಣೆಯನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ಕೋಟ್ಯಂತರ ಡಾಲರ್‌ಗಳ ಕಂಪನಿಗೂ ನಮ್ಮ ಪೇಟೆಯ ಅಂಗಡಿಗೂ ಹೋಲಿಕೆಯೇ ಎನ್ನುವವರೂ ಇದ್ದಾರೆ. ಗಾತ್ರದಲ್ಲಿ ಹೋಲಿಕೆಯಿಲ್ಲ, ನಿಜ. ಆದರೆ ದೊಡ್ಡ ಕಂಪನಿಗೆ ಹತ್ತಾರು ಬ್ರಾಂಡ್‌ಗಳಿರುತ್ತವೆ, ಒಂದು ಹೋದರೆ ಇನ್ನೊಂದು ಉಂಟು. ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಇರುವುದು ಒಂದೇ ಹೆಸರು, ಅದಕ್ಕೆ ಇರುವುದು ಒಂದೇ ಜೀವ. ಅದನ್ನು ಅಢಾವೆ ಪತ್ರಿಕೆಯಲ್ಲಿ ಬರೆಯಲಾಗದಿದ್ದರೂ ಪಾಲುದಾರಿಕೆ ಪತ್ರದಲ್ಲಿ ಬರೆಯಬಹುದು, ನೋಂದಣಿ ಪುಸ್ತಕದಲ್ಲಿ ಬರೆಸಬಹುದು. ಈ ಆರ್ಥಿಕ ವರ್ಷದ ಲೆಕ್ಕ ಮುಗಿಸುವ ಮುನ್ನ ಸದಸ್ಯ ಬಾಂಧವರು ಇಷ್ಟನ್ನಾದರೂ ಮಾಡಬೇಕೆಂದು ನನ್ನ ವಿನಂತಿ.